ಒಳಗೆ ಬಿಟ್ಟ ಬಟ್ಟೆ

ಬಲಗಾಲಿನಿಂದ ಶುರು ಮಾಡುತ್ತೇನೆ. ಮೂತ್ರಪಿಂಡದ ಕಾಯಿಲೆಯ ಕಥೆಯನ್ನು ಮೂತ್ರಪಿಂಡದಿಂದಲೇ ಶುರು ಮಾಡಬೇಕೆಂದು ಯಾರೂ ಹೇಳಿಲ್ಲ. ನನ್ನ ಮೂತ್ರಪಿಂಡಗಳು ಸದ್ದಿಲ್ಲದೆ ಕೆಟ್ಟವು. ಅವು ಕೆಡುತ್ತಿದ್ದ ವರ್ಷಗಳಲ್ಲಿ ನಾನು ಹತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ, ಉತ್ತರ ಪತ್ರಿಕೆ ತಿದ್ದುತ್ತಿದ್ದೆ, ಸುಸ್ತಾದರೆ ವಯಸ್ಸು ಎಂದುಕೊಳ್ಳುತ್ತಿದ್ದೆ. ಕಾಲು ಹಾಗಲ್ಲ. ಅದು ಗಲಾಟೆ ಮಾಡಿತು.

ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ಗಂಟೆ ಒರಗಿರಬೇಕು. ಎಡಗೈಯಲ್ಲಿ ಎರಡು ಸೂಜಿ, ಪಕ್ಕದಲ್ಲಿ ಯಂತ್ರ. ಎರಡನೇ ಗಂಟೆ ದಾಟುತ್ತಿದ್ದಂತೆ ಬಲ ಮೀನಖಂಡದೊಳಗೆ ಇರುವೆ ಸಾಲು ಹೊರಡುತ್ತಿತ್ತು. ನೋವಲ್ಲ, ನೋವಾಗಿದ್ದರೆ ಹೇಳಲು ಸುಲಭವಿತ್ತು. ಕಾಲನ್ನು ಅಲ್ಲಾಡಿಸಿದರೆ ಒಂದು ಕ್ಷಣ ಸಮಾಧಾನ, ನಿಲ್ಲಿಸಿದರೆ ಮತ್ತೆ ಇರುವೆ. ಹಾಗಾಗಿ ನಿಲ್ಲಿಸುತ್ತಿರಲಿಲ್ಲ.

"ಏನ್ ಮೇಡಂ, ಕೂತಲ್ಲೇ ಹೊಲಿಗೆ ಮಿಷನ್ ತುಳೀತಾ ಇದೀರಲ್ಲ? ನಂಗೂ ಒಂದು ಪ್ಯಾಂಟ್ ಹೊಲ್ಕೊಡಿ," ಎಂದು ಪಕ್ಕದ ಕುರ್ಚಿಯ ಗಂಗಣ್ಣ ಕೇಳುತ್ತಿದ್ದರು. ನಾಯಂಡಹಳ್ಳಿಯಲ್ಲಿ ಲಾರಿಗಳ ಗೇರ್ ಬಾಕ್ಸ್ ರಿಪೇರಿ ಮಾಡಿಕೊಂಡಿದ್ದವರು. ನನಗಿಂತ ಎರಡು ವರ್ಷ ಮೊದಲಿನ ಗಿರಾಕಿ.

ರಾಜಾಜಿನಗರದ ಆ ಸೆಂಟರಿಗೆ ನಾನು ಹೋಗಲು ಶುರು ಮಾಡಿ ಈಗ ಮೂರು ವರ್ಷ ದಾಟಿದೆ. ವಾರಕ್ಕೆ ಮೂರು ಬೆಳಿಗ್ಗೆ. ಕಸಿ ಮಾಡಿದರೆ ನನ್ನ ಹೃದಯ ತಡೆಯದು ಎಂದು ಮೊದಲೇ ತೀರ್ಮಾನವಾಗಿತ್ತು. ಗುಣವಾಗಿಲ್ಲ, ಗುಣವಾಗುವುದೂ ಇಲ್ಲ. ಹೀಗೆ ಇರುವುದು ಅಭ್ಯಾಸವಾಗಿದೆ. ಆದರೆ ಎರಡನೇ ವರ್ಷದಲ್ಲಿ ನಾನು ಇದನ್ನೆಲ್ಲ ನಿಲ್ಲಿಸಿಬಿಡುವ ಅಂಚಿಗೆ ಹೋಗಿದ್ದೆ, ಮತ್ತು ಹೋಗುತ್ತಿದ್ದೇನೆಂದು ನನಗೂ ನನ್ನ ಮನೆಯವರಿಗೂ ಗೊತ್ತಿರಲಿಲ್ಲ. ಅದನ್ನು ಬರೆಯಬೇಕು. ಅಂಥದೇ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿರುವವರು ಯಾರಾದರೂ ಓದಬಹುದು.

ಒಂದು ಎಚ್ಚರಿಕೆ. ಇದನ್ನು ನಾನು ಈಗಾಗಲೇ ಇಬ್ಬರಿಗೆ ಎರಡು ರೀತಿ ಹೇಳಿದ್ದೇನೆ. ತಂಗಿಗೆ ಹೇಳಿದಾಗ ತಪ್ಪು ನನ್ನ ಗಂಡನದಾಗಿತ್ತು. ಗಂಗಣ್ಣನಿಗೆ ಹೇಳಿದಾಗ ಸೆಂಟರಿನದಾಗಿತ್ತು. ಡಯಾಲಿಸಿಸ್ ಮುಗಿಸಿ ಬಂದ ತಲೆ ಮಧ್ಯಾಹ್ನದವರೆಗೂ ಒದ್ದೆ ಹತ್ತಿಯ ಹಾಗಿರುತ್ತದೆ. ಆ ಹೊತ್ತಿನ ನೆನಪುಗಳಿಗೆ ನಾನು ಜಾಮೀನು ಕೊಡಲಾರೆ.

ನನ್ನ ಗಂಡ ಶಿವಾನಂದಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದರು. ಹಾವೇರಿ ಕಡೆಯವರು. ಮಾರುಕಟ್ಟೆಯ ತಕ್ಕಡಿಗಳಿಗೆ, ಪೆಟ್ರೋಲ್ ಬಂಕಿನ ಪಂಪುಗಳಿಗೆ ಸರಿ ಇದೆಯೆಂದು ಮುದ್ರೆ ಒತ್ತುವುದು ಅವರ ಕೆಲಸ. ನಿವೃತ್ತರಾದ ಮೇಲೂ ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಮುದ್ರೆ ಹುಡುಕುತ್ತಾರೆ. ಬಸವೇಶ್ವರನಗರದ ನಮ್ಮ ಬೀದಿಯ ಸೊಪ್ಪಿನವಳು ಅವರನ್ನು ಕಂಡರೆ, "ಬಂದ್ರಪ್ಪ ಸರ್ಕಾರ," ಎಂದು ತಕ್ಕಡಿಯನ್ನು ಮೊದಲು ಖಾಲಿ ಎತ್ತಿ ತೋರಿಸುತ್ತಾಳೆ.

ನನಗೆ ಡಯಾಲಿಸಿಸ್ ಶುರುವಾದಾಗ ಈ ಮನುಷ್ಯನಿಗೆ ಒಂದು ಕೆಲಸ ಸಿಕ್ಕಿತು. ಡಯಾಲಿಸಿಸ್ ಅಂದರೆ ತೂಕದ ವ್ಯವಹಾರವೇ. ಒಳಗೆ ಹೋಗುವಾಗ ತೂಕ, ಹೊರಗೆ ಬರುವಾಗ ತೂಕ. ಮೈಯಲ್ಲಿ ನಿಂತ ನೀರನ್ನು ಯಂತ್ರ ಎಳೆಯುತ್ತದೆ. ಎಳೆದ ಮೇಲೆ ಇಷ್ಟೇ ಇರಬೇಕು ಎಂದು ಒಂದು ಅಂಕಿಯನ್ನು ಗೊತ್ತು ಮಾಡಿರುತ್ತಾರೆ. ಅದಕ್ಕೆ ಡ್ರೈ ವೇಟ್ ಎನ್ನುತ್ತಾರೆ, ಒಣ ತೂಕ. ನನ್ನದು ಐವತ್ತೆರಡು. ಇವರು ಪ್ರತಿ ಸಲ ತೂಕದ ಯಂತ್ರದ ಫಲಕವನ್ನು ಸ್ವತಃ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೂವರೆ ವರ್ಷದ ಪುಟಗಳಲ್ಲಿ ಐವತ್ತೆರಡು, ಐವತ್ತೆರಡು, ಐವತ್ತೆರಡು.

"ಬ್ಯಾರೇದವ್ರನ್ನ ನೋಡು, ಹೆಂಗ ಇಳೀಲಿಕ್ಕತ್ತಾರ. ನಿಂದು ನೂರು ಗ್ರಾಮೂ ಆಚೀಚೆ ಇಲ್ಲ."

"ಕನ್ನಡೀಲಿ ಬೇರೆ ಥರ ಕಾಣಿಸ್ತೀನಲ್ರೀ?"

"ಕನ್ನಡಿಗೆ ಯಾರು ಮುದ್ರೆ ಒತ್ತ್ಯಾರ? ತಕ್ಕಡಿ ಸುಳ್ಳು ಹೇಳಂಗಿಲ್ಲ, ಗಿರಿಜಾ."

ಅವರು ಸೆಂಟರಿನ ತೂಕದ ಯಂತ್ರವನ್ನೂ ಪರೀಕ್ಷಿಸಿದ್ದರು. ಮನೆಯಿಂದ ಐದು ಕೆ.ಜಿ.ಯ ಹಿತ್ತಾಳೆಯ ತೂಕದ ಬಟ್ಟನ್ನು ಚೀಲದಲ್ಲಿ ತಂದು, ಸಿಸ್ಟರ್ ಆಚೆ ತಿರುಗಿದಾಗ ಅದರ ಮೇಲಿಟ್ಟು ನೋಡಿದ್ದರು. ಸರಿಯಾಗಿಯೇ ಇತ್ತು.

ಅಡುಗೆ ಮನೆಯೂ ಅವರ ಇಲಾಖೆಗೆ ಸೇರಿತ್ತು. ಫ್ರಿಜ್ಜಿನ ಬಾಗಿಲಿಗೆ ಲ್ಯಾಮಿನೇಟ್ ಮಾಡಿಸಿದ ಪಥ್ಯದ ಚೀಟಿ. ಬೇಳೆ ದಿನಕ್ಕೆ ನಲವತ್ತು ಗ್ರಾಂ, ಹಾಲು ಒಂದು ಸಣ್ಣ ಲೋಟ, ಕಾಳು ಬೇಡ, ಪನೀರ್ ಬೇಡ. ತರಕಾರಿ ಹೆಚ್ಚಿ, ನೆನೆಸಿ, ಬೇಯಿಸಿ, ಆ ನೀರು ಚೆಲ್ಲಬೇಕು. ನಲವತ್ತು ಅಂದರೆ ನಲವತ್ತೊಂದಲ್ಲ. ಅಕ್ಕಸಾಲಿಗರ ಥರದ ಪುಟ್ಟ ತಕ್ಕಡಿಯಲ್ಲಿ ತೊಗರಿಬೇಳೆ ತೂಗಿ, ಒಂದು ಕಾಳು ಹೆಚ್ಚಾದರೆ ಚಿಟಿಕೆಯಲ್ಲಿ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ನಾನು ಅದನ್ನು ನೋಡುತ್ತ ಕೂತಿರುತ್ತಿದ್ದೆ. ಇದು ಪ್ರೀತಿ ಎಂದು ಗೊತ್ತಿತ್ತು. ಹಸಿವಿರಲಿಲ್ಲ. ಬಾಯಿಯಲ್ಲಿ ಸದಾ ಹಳೆಯ ನಾಣ್ಯ ಇಟ್ಟುಕೊಂಡ ರುಚಿ. ನಲವತ್ತು ಗ್ರಾಮೂ ನನಗೆ ಜಾಸ್ತಿಯೇ ಆಗಿತ್ತು.

ಈ ವಾಕ್ಯವನ್ನು ನೆನಪಿಡಿ. ನಾನು ತಡವಾಗಿ ನೆನಪಿಟ್ಟುಕೊಂಡೆ.

ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಹಸಿರು ರೇಷ್ಮೆ ರವಿಕೆ ತೆಗೆದೆ. ಎರಡು ವರ್ಷದ ಹಿಂದೆ ಭಾಗ್ಯ ಹೊಲಿದದ್ದು. ಭಾಗ್ಯ ಮಾರೇನಹಳ್ಳಿಯಲ್ಲಿ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅಂಗಡಿ ಅಂದರೆ ಒಂದು ಮಿಷನ್ನು, ಒಂದು ಪರದೆ, ಒಂದು ಗಿಡ್ಡ ಕಾಲಿನ ಸ್ಟೂಲು. ಹದಿನೈದು ವರ್ಷದಿಂದ ನನ್ನ ಮೈಯ ಅಳತೆ ಅವಳ ಉದ್ದನೆಯ ಪುಸ್ತಕದಲ್ಲಿದೆ. ರವಿಕೆ ಹಾಕಿಕೊಂಡರೆ ತೋಳು ಚೀಲದ ಹಾಗೆ ನೇತಾಡುತ್ತಿತ್ತು. ಹಿಡಿಸಿಕೊಂಡು ಬರೋಣವೆಂದು ಹೋದೆ. ಇವರು ಜೊತೆಗೆ ಬಂದು ಬಾಗಿಲಲ್ಲಿ ನಿಂತರು.

ಭಾಗ್ಯ ತೋಳಿಗೆ ಟೇಪು ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು. ಪುಸ್ತಕ ತೆಗೆದು ನನ್ನ ಪುಟ ಹುಡುಕಿದಳು.

"ಮೇಡಂ, ಹನ್ನೆರಡೂವರೆ ಇತ್ತು. ಈಗ ಹತ್ತು."

"ಸ್ವಲ್ಪ ಇಳಿದಿರಬಹುದು ಕಣೇ."

"ಸ್ವಲ್ಪ ಅಲ್ಲ ಮೇಡಂ. ಎರಡೂವರೆ ಇಂಚು. ಇದು ತೋಳು, ಸೊಂಟ ಅಲ್ಲ. ಸೊಂಟ ಬರುತ್ತೆ ಹೋಗುತ್ತೆ, ತೋಳು ಹಿಂಗೆಲ್ಲ ಹೋಗಲ್ಲ."

ಬಾಗಿಲಿನಿಂದ ಇವರು, "ತೂಕ ಅಷ್ಟ ಐತೆಲ್ಲ, ಐವತ್ತೆರಡು," ಎಂದರು.

"ಸಾರ್, ನಂಗೆ ತೂಕ ಗೊತ್ತಿಲ್ಲ. ಬಟ್ಟೆ ಒಳಗೆ ಏನಿದೆ ಅನ್ನೋದು ಗೊತ್ತು. ಮೇಡಂ ಒಳಗೆ ಮೇಡಂ ಕಮ್ಮಿ ಇದಾರೆ."

ನಾನು ನಕ್ಕೆ. ಇವರು ನಗಲಿಲ್ಲ. ಭಾಗ್ಯನ ಟೇಪನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಇದು ಹಿಗ್ಗೇತಿ. ಬಟ್ಟಿ ಟೇಪು ಎಳೆದೆಳೆದು ಹಿಗ್ಗತಾವು. ಹಿಗ್ಗಿದ್ರ ಅಳತಿ ಕಡಿಮಿ ತೋರಸ್ತದ."

"ಹೊಸಾ ಟೇಪು ಸಾರ್. ಯುಗಾದೀಲಿ ತಗೊಂಡಿದ್ದು."

ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಇವರು ಒಬ್ಬರೇ ತಮ್ಮ ಉಕ್ಕಿನ ಮೀಟರ್ ಪಟ್ಟಿಯನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಮಾರೇನಹಳ್ಳಿಗೆ ನಡೆದು ಹೋದರು. ಇದನ್ನು ಭಾಗ್ಯ ನನಗೆ ಆಮೇಲೆ ಹೇಳಿದ್ದು. ಸ್ಟೂಲಿನ ಮೇಲೆ ಪಟ್ಟಿ ಇಟ್ಟು, ಅದರ ಉದ್ದಕ್ಕೆ ಟೇಪು ಹಾಸಿ, ಕನ್ನಡಕ ಹಣೆಗೇರಿಸಿ ಗೆರೆಗೆ ಗೆರೆ ನೋಡಿದರಂತೆ. ಟೇಪು ಸರಿ ಇತ್ತು. "ಸಾರ್ ಪಟ್ಟಿ ಸುತ್ತಿಕೊಂಡ್ರು ಮೇಡಂ. ಪೇಪರ್ ಇಲ್ಲೇ ಬಿಟ್ಟು ಹೋದ್ರು."

ಮನೆಗೆ ಬಂದು ನೋಟ್‌ಬುಕ್ ತೆರೆದು ತುಂಬ ಹೊತ್ತು ಕೂತಿದ್ದರು. ತಕ್ಕಡಿ ಸರಿ. ಟೇಪೂ ಸರಿ. ಎರಡೂ ನಿಜ ಹೇಳುತ್ತಿದ್ದರೆ ನಡುವೆ ಇರುವ ಹೆಂಗಸು ಏನಾಗುತ್ತಿದ್ದಾಳೆ?

ಉತ್ತರವನ್ನು ನಾನೇ ಹೇಳಬೇಕಿತ್ತು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ ಎಂದು ಇಪ್ಪತ್ತೊಂಬತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದವಳು ನಾನು. ಸಂಜೆ ಹೊತ್ತಿಗೆ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಎರಡು ದಿಂಬಿಲ್ಲದೆ ಮಲಗಿದರೆ ಉಸಿರು ಮೇಲಕ್ಕೆ ಬರುತ್ತಿತ್ತು. ಇವೆರಡನ್ನೂ ನಾನು ಯಾರಿಗೂ ಹೇಳಿರಲಿಲ್ಲ. ಯಾಕೆ ಎಂಬುದಕ್ಕೆ ನನ್ನ ಬಳಿ ಹಲವು ಉತ್ತರಗಳಿವೆ. ಒಂದರ ಮೇಲೂ ನಂಬಿಕೆಯಿಲ್ಲ.

ಮುಂದಿನ ಸಲ ಸೆಂಟರಿನ ದೊಡ್ಡ ಡಾಕ್ಟರು ಬಂದಾಗ ಇವರು ಎದ್ದು ನಿಂತು, ಇಲಾಖೆಯ ವರದಿ ಒಪ್ಪಿಸುವವರಂತೆ ಹೇಳಿದರು: "ತೋಳು ಎರಡೂವರೆ ಇಂಚು ಕಡಿಮಿ ಆಗೇತಿ, ಸರ್. ನಮ್ಮ ಟೈಲರ್ ಹೇಳಿದ್ದು. ಟೇಪು ನಾನು ಪರೀಕ್ಷಾ ಮಾಡೀನಿ."

ಡಾಕ್ಟರು ನಗುತ್ತಾರೆ ಎಂದುಕೊಂಡೆ. ಅವರು ನನ್ನ ತೋಳು ಹಿಡಿದು ನೋಡಿದರು. ತೊಡೆ, ಕೆನ್ನೆಯ ಎಲುಬು, ಪಾದ. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ರಕ್ತ ಪರೀಕ್ಷೆಗೆ ಬರೆದರು. ಎರಡು ದಿನದ ನಂತರ ಹೇಳಿದ ಮಾತು ಇಷ್ಟು: ನನ್ನ ಮಾಂಸ ಕರಗಿದೆ, ಕರಗಿದ ಜಾಗದಲ್ಲಿ ನೀರು ನಿಂತಿದೆ, ಆದ್ದರಿಂದ ತೂಕ ಅಲ್ಲಾಡಿಲ್ಲ. ಒಣ ತೂಕದ ಆ ಅಂಕಿಯನ್ನು ಮುಂಚೆಯೇ ಇಳಿಸಬೇಕಿತ್ತು. ಹೀಗೇ ಹೋದರೆ ಇನ್ನು ಕೆಲವು ತಿಂಗಳಲ್ಲಿ ಡಯಾಲಿಸಿಸನ್ನೇ ತಡೆದುಕೊಳ್ಳುವ ಶಕ್ತಿ ನನಗಿರುವುದಿಲ್ಲ. ಆಗ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಕೂತು ಮಾತಾಡಬೇಕಾಗುತ್ತದೆ.

ಇವರು ಗೋಡೆ ಹಿಡಿದುಕೊಂಡರು. ನಾನು ಹಿಡಿದುಕೊಳ್ಳಲಿಲ್ಲ. ನನ್ನೊಳಗೆ ಏನೋ ಸಡಿಲವಾಯಿತು. ನಿಲ್ಲಿಸಬಹುದು. ಹಾಗೊಂದು ದಾರಿ ಇದೆ. ಕಾಲು ಸುಮ್ಮನಾಗುತ್ತದೆ.

ಡಾಕ್ಟರು ಇನ್ನೊಂದು ಚೀಟಿ ಕೊಟ್ಟು ಕಾರಿಡಾರಿನ ಕೊನೆಯ ಕೋಣೆಗೆ ಕಳಿಸಿದರು. ಬಾಗಿಲ ಮೇಲೆ ಪ್ಯಾಲಿಯೇಟಿವ್ ಎಂದಿತ್ತು, ನೋವು ನರಳಾಟ ತಗ್ಗಿಸುವ ವಿಭಾಗ. ಇವರು ಹೊರಗಿನ ಬೆಂಚಿನಲ್ಲಿ ಕೂರಲು ಒಪ್ಪಲೇ ಇಲ್ಲ.

"ಇಲ್ಲಿಗ್ಯಾಕ ಬರಬೇಕು ನಾವು? ಇದು ಕಡೀ ಸ್ಟೇಜಿನವ್ರಿಗೆ. ನಮ್ಮ ಕಾಕಾಗ ಕ್ಯಾನ್ಸರ್ ಆದಾಗ ಇಂಥಲ್ಲೇ ಹಾಕಿದ್ರು. ನಡೀ, ಮನಿಗೆ ಹೋಗೋಣು."

"ಕೂತ್ಕೊಳ್ರೀ. ಟೋಕನ್ ತಗೊಂಡಾಗಿದೆ."

ಟೋಕನ್ ತೆಗೆದುಕೊಂಡ ಮೇಲೆ ಏಳುವುದು ಅವರಿಂದ ಆಗದು. ಕೂತರು. ಎದುರು ಗೋಡೆಯಲ್ಲಿ ಗಡಿಯಾರ ಎಂಟು ನಿಮಿಷ ಮುಂದಿತ್ತು. ಕೈಗಡಿಯಾರ ನೋಡಿಕೊಂಡು ಅದನ್ನು ನನಗೆ ಎರಡು ಸಲ ಹೇಳಿದರು. ನಮ್ಮ ಪಕ್ಕದಲ್ಲಿ ಒಬ್ಬಾಕೆ ಪ್ಲಾಸ್ಟಿಕ್ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು. ನಿಂಬೆಯ ವಾಸನೆ ಬಂತು. ನಿಂಬೆಯ ವಾಸನೆ ನಿಂಬೆಯ ಹಾಗೇ ಬಂದು ಎಷ್ಟು ಕಾಲವಾಗಿತ್ತೋ. ಬಹುಶಃ ಚಿತ್ರಾನ್ನವಲ್ಲ, ಅವಲಕ್ಕಿ. ನಿಂಬೆ ಮಾತ್ರ ಖಂಡಿತ.

ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟಳು.

"ಗಿರಿಜಾ ಮೇಡಂ, ನಿಮಗೆ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡ್ತಾ ಇರೋದು ಏನು?"

"ತೂಕ, ಡಾಕ್ಟ್ರ," ಎಂದರು ಇವರು.

"ಸಾರ್, ಮೇಡಂನ ಕೇಳಿದ್ದು."

"ಕಾಲು," ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಒಂದೂವರೆ ವರ್ಷದಲ್ಲಿ ನನ್ನ ಕ್ರಿಯಾಟಿನಿನ್ ಎಷ್ಟೆಂದು ಎಲ್ಲರೂ ಕೇಳಿದ್ದರು. ಇರುವೆ ಸಾಲಿನ ಬಗ್ಗೆ ನಾನು ಬಾಯಿ ಬಿಟ್ಟಿದ್ದು ಅವತ್ತೇ ಮೊದಲು. ಆಮೇಲೆ ನಿಲ್ಲಲಿಲ್ಲ. ಬೆನ್ನಿನ ತುರಿಕೆ, ನಾಣ್ಯದ ರುಚಿ, ಪಾದದ ಗುಳಿ, ಎರಡು ದಿಂಬು. ಕೊನೆಗೆ ಕೇಳಿಯೇಬಿಟ್ಟೆ: "ಡಯಾಲಿಸಿಸ್ ನಿಲ್ಲಿಸಿದ್ರೆ ಏನಾಗುತ್ತೆ?"

ಇವರ ಚೀಲ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

ಡಾಕ್ಟರು ತಡವರಿಸದೆ ಹೇಳಿದಳು. "ಕೆಲವು ದಿನ, ಒಂದೊಂದು ಸಲ ಕೆಲವು ವಾರ. ನೋವು, ಉಬ್ಬಸ ಇಲ್ಲದ ಹಾಗೆ ನಾವು ನೋಡ್ಕೊಳ್ತೀವಿ, ಕೈ ಬಿಡಲ್ಲ. ಬೇಡ ಅನ್ನೋದು ನಿಮ್ಮ ಹಕ್ಕು. ಆದ್ರೆ ಒಂದು ವಿಷಯ ಮೇಡಂ. ಈಗ ನಿಲ್ಲಿಸ್ಬೇಕು ಅಂತ ಕೇಳ್ತಿರೋದು ನೀವೋ, ನಿಮ್ಮ ಕಾಲೋ, ನಂಗೆ ಗೊತ್ತಾಗ್ತಿಲ್ಲ. ಕಾಲಿಗೆ ಔಷಧಿ ಇದೆ. ತುರಿಕೆಗೂ ಇದೆ. ನಂಗೆ ಮೂರು ತಿಂಗಳು ಕೊಡಿ. ಆಮೇಲೆ ಇದೇ ಪ್ರಶ್ನೆ ನಾನೇ ಕೇಳ್ತೀನಿ, ನೀವು ಹೇಳಿದ ಹಾಗೆ ಮಾಡೋಣ."

ನಂತರ ಊಟದ ಬಗ್ಗೆ ಕೇಳಿದಳು. ಇವರು ಚೀಲವೆತ್ತಿ ಲ್ಯಾಮಿನೇಟ್ ಮಾಡಿಸಿದ ಚೀಟಿಯ ಇನ್ನೊಂದು ಪ್ರತಿಯನ್ನು ಮುಂದಿಟ್ಟರು. "ನಲವತ್ತು ಗ್ರಾಂ ಬೇಳಿ. ಒಂದು ದಿನಾನೂ ತಪ್ಪಿಲ್ಲ."

ಅವಳು ಓದಿದಳು. ಇವರ ಮುಖ ನೋಡಿದಳು. ಮುಂದಿನ ಮಾತನ್ನು ಎಷ್ಟು ಮೆಲ್ಲಗೆ ಹೇಳಿದಳು ಎಂಬುದು ನನಗೆ ಇವತ್ತಿಗೂ ನೆನಪಿದೆ. "ಸಾರ್, ಇದು ಡಯಾಲಿಸಿಸ್ ಶುರು ಆಗೋಕೆ ಮುಂಚಿನ ಪಥ್ಯ. ಶುರು ಆದ್ಮೇಲೆ ಇದು ಉಲ್ಟಾ. ಪ್ರತೀ ಸಲ ಮಿಷನ್ನು ಸ್ವಲ್ಪ ಪ್ರೋಟೀನ್ ತೊಳೆದು ಹಾಕುತ್ತೆ, ಅದಕ್ಕೆ ಜಾಸ್ತಿ ತಿನ್ಬೇಕು. ಹೊಸಾ ಚೀಟಿ ಕೊಟ್ಟಿರ್ತಾರಲ್ಲ?"

ಪಥ್ಯ ಅಂದರೆ ನಮ್ಮ ಮನೆಗಳಲ್ಲಿ ಬಿಡುವುದು. ಬಾಣಂತಿಗೆ ಪಥ್ಯ, ಕಾಮಾಲೆಗೆ ಪಥ್ಯ. ಇದು ಬಿಡು, ಅದು ಮುಟ್ಟಬೇಡ. ಎಷ್ಟು ಬಿಟ್ಟರೆ ಅಷ್ಟು ನಿಷ್ಠೆ. ತಿನ್ನುವುದೂ ಪಥ್ಯವಾಗಬಹುದೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ನನ್ನ ಗಂಡ ಒಂದೂವರೆ ವರ್ಷ, ದಿನಕ್ಕೆ ಎರಡು ಹೊತ್ತು, ಒಂದು ಗ್ರಾಮೂ ತಪ್ಪದೆ ನನ್ನನ್ನು ಉಪವಾಸ ಕೆಡವಿದ್ದರು.

ಆಟೋದಲ್ಲಿ ಮಾಗಡಿ ರಸ್ತೆಯ ಸಿಗ್ನಲ್ಲು ಬಿಡಲಿಲ್ಲ. ಇವರು ನೇರ ಮುಂದೆ ನೋಡುತ್ತಿದ್ದರು. "ಹೊಸಾ ಚೀಟಿ ನನಗ ಯಾರೂ ಕೊಡಲಿಲ್ಲ," ಎಂದರು. ಸ್ವಲ್ಪ ಹೊತ್ತಿಗೆ, "ಕೊಟ್ಟಿರಬೇಕು. ಫೈಲಿನಾಗ ಹಾಕಿರಬೇಕು ನಾನು." ಆಮೇಲೆ, "ನಿಲ್ಲಸೂದು ಅಂದ್ಯಲ್ಲ. ನನ್ನ ಮುಂದ ಒಂದ್ ಮಾತು ಹೇಳಬೇಕಿತ್ತು."

ತಪ್ಪನ್ನು ಅವರು ಹೊತ್ತುಕೊಂಡರು, ನಾನು ಹೊರಲು ಬಿಟ್ಟೆ.

ಎರಡು ದಿನ ಬಿಟ್ಟು, ಶಾಲೆಗೆ ಒಯ್ಯುತ್ತಿದ್ದ ನನ್ನ ಹಳೆಯ ಕೈಚೀಲದ ಒಳ ಜೇಬಿನಲ್ಲಿ ಹೊಸ ಚೀಟಿ ಸಿಕ್ಕಿತು. ನಾಲ್ಕಾಗಿ ಮಡಿಸಿತ್ತು. ಕಾಳು, ಪನೀರ್, ಸೋಯಾ, ಮೊಟ್ಟೆಯ ಬಿಳಿಭಾಗ. ಇದು ನನ್ನ ಚೀಲ. ಮಡಿಸುವ ರೀತಿಯೂ ನನ್ನದೇ. ಇವರು ಕಾಗದ ಮಡಿಸುವುದಿಲ್ಲ, ಪಂಚ್ ಮಾಡಿ ಫೈಲಿಗೆ ಹಾಕುತ್ತಾರೆ. ಸಿಸ್ಟರ್ ಕೈಯಿಂದ ಯಾವಾಗ ತೆಗೆದುಕೊಂಡೆ, ಓದಿದೆನೋ ಇಲ್ಲವೋ, ನೆನಪಿಲ್ಲ. ಓದಿ ಮೊಟ್ಟೆ ಎಂಬ ಪದಕ್ಕೆ ಬೆಚ್ಚಿರಬಹುದು: ಲಿಂಗ ಕಟ್ಟಿದ ಮನೆ, ನಾಲ್ಕು ತಲೆಮಾರಿನಿಂದ ಒಳಗೆ ಬಾರದ ವಸ್ತು. ಇಲ್ಲವೇ ಅದಕ್ಕಿಂತ ಕೆಟ್ಟದ್ದು ನಿಜವಿರಬಹುದು. ನನಗೆ ತಿನ್ನುವುದು ಬೇಕಾಗಿರಲಿಲ್ಲ. ಕಡಿಮೆ ಬಡಿಸುವ ಚೀಟಿ ಫ್ರಿಜ್ಜಿನ ಮೇಲಿತ್ತು, ಅದೇ ಇರಲಿ ಎಂದುಕೊಂಡಿರಬಹುದು. ನೆನಪಿಡಿ ಎಂದಿದ್ದು ಇದಕ್ಕೆ.

ಕಾಲಿನ ಮಾತ್ರೆ ಹತ್ತು ದಿನದಲ್ಲಿ ಕೆಲಸ ಮಾಡಿತು. ಇರುವೆಗಳು ಪೂರ್ತಿ ಹೋಗಲಿಲ್ಲ, ಸಾಲು ತಪ್ಪಿದವು. "ಯಾಕ್ ಮೇಡಂ, ಅಂಗಡಿ ಮುಚ್ಚಿದ್ರಾ?" ಎಂದರು ಗಂಗಣ್ಣ.

ತೂಕದ ಕಥೆ ಹಾಗಾಗಲಿಲ್ಲ. ಅಂಕಿಯನ್ನು ಇಳಿಸುತ್ತ ಬಂದರು. ಐವತ್ತೊಂದು, ಐವತ್ತು, ನಲವತ್ತೊಂಬತ್ತೂವರೆ. ನೀರು ಹೋಗುತ್ತಿದ್ದಂತೆ ನಾನು ನಿಜವಾಗಿ ಎಷ್ಟು ಉಳಿದಿದ್ದೇನೆ ಎಂಬುದು ಫಲಕದ ಮೇಲೆ ಬರತೊಡಗಿತು. ಉಸಿರು ಸಲೀಸಾಯಿತು, ಒಂದು ದಿಂಬು ಸಾಕಾಯಿತು, ಪಾದದ ಗುಳಿ ಹೋಯಿತು. ಇವರಿಗೆ ಮಾತ್ರ ನೋಡಲಾಗಲಿಲ್ಲ. ನಲವತ್ತೆಂಟು ಬಂದ ದಿನ ಪೆನ್ನು ತೆರೆದು ಮುಚ್ಚಿದರು.

"ಸುಳ್ಳು ಐವತ್ತೆರಡಕ್ಕಿಂತ ನಿಜವಾದ ನಲವತ್ತೆಂಟು ಮೇಲಲ್ವೇನ್ರೀ?"

"ಮೇಲ ಅಂತ ಗೊತ್ತೈತಿ. ಬರೀಲಿಕ್ಕೆ ಕೈ ಬರವಲ್ದು. ನೀನ ಬರಿ."

ನಾನು ಬರೆದೆ. ಆ ಪುಟದಲ್ಲಿ ಅದೊಂದು ಅಂಕಿ ಕೆಂಪು ಶಾಯಿಯಲ್ಲಿದೆ. ನನ್ನ ಚೀಲದಲ್ಲಿ ಬೇರೆ ಪೆನ್ನಿರಲಿಲ್ಲ.

ಮನೆಯಲ್ಲಿ ಪನೀರ್ ಬಂತು, ಹೆಸರುಕಾಳು ಬಂತು, ಸೋಯಾ ಬಂದು ಯಾರಿಗೂ ಸೇರದೆ ಹೋಯಿತು. ನಾಣ್ಯದ ರುಚಿಯ ಬಾಯಿಗೆ ಪನೀರ್ ರಬ್ಬರಾಗಿತ್ತು. ಒಂದು ತುಂಡು ನುಂಗಲು ಹತ್ತು ನಿಮಿಷ. ಕೆಲವು ದಿನ ತಟ್ಟೆಯನ್ನು ತಳ್ಳಿದ್ದೇನೆ, ಒಮ್ಮೆ ಎಸೆದಿದ್ದೇನೆ. ಮೂರು ತಿಂಗಳು ಮುಗಿದರೆ ಸಾಕು, ಡಾಕ್ಟರು ಕೇಳುತ್ತಾಳೆ, ಬೇಡವೆನ್ನುತ್ತೇನೆ ಎಂದು ದಿನ ಎಣಿಸಿದ್ದೂ ಉಂಟು.

ಮೊಟ್ಟೆಯ ದಾರಿ ತೆಗೆದದ್ದು ಗಂಗಣ್ಣ. ಸೆಂಟರಿನಲ್ಲಿ ಎರಡನೇ ಗಂಟೆಗೆ ತಿನ್ನಲು ಬಿಡುತ್ತಿದ್ದರು. ಅವರ ಹೆಂಡತಿ ಪುಟ್ಟಮ್ಮ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ತರುತ್ತಿದ್ದರು.

"ಮೇಡಂ, ನಿಮ್ಮನೆ ಒಳಕ್ಕೆ ಬರಲ್ಲ ಅಲ್ವಾ? ಇದು ಮನೆಯಲ್ಲ. ನಮ್ಮವಳು ನಿಮ್ಗೂ ಎರಡು ತರ್ತಾಳೆ. ಹಳದಿ ಬಂಡಾರ ನಂಗೆ, ಬಿಳಿ ನಿಮ್ಗೆ. ಪಾರ್ಟ್ನರ್‌ಶಿಪ್."

"ನಿಮಗೆ ಬಂಡಾರ ಆಗಲ್ಲ ಅಂತ ಡಾಕ್ಟ್ರು ಬೈದ್ರಲ್ಲ ಗಂಗಣ್ಣ?"

"ಅದಕ್ಕೇ ಮೇಡಂ, ನೀವು ಯಾರಿಗೂ ಹೇಳಂಗಿಲ್ಲ, ನಾನೂ ಯಾರಿಗೂ ಹೇಳಂಗಿಲ್ಲ."

ಮೊದಲ ತುತ್ತು ಗಂಟಲಲ್ಲಿ ನಿಂತಿತು. ಮೆಣಸಿನ ಪುಡಿ ಜಾಸ್ತಿ ಹಾಕಿ ಕೊಟ್ಟರು ಪುಟ್ಟಮ್ಮ. ನುಂಗಿದೆ. ವಾಸನೆ ಬಿಟ್ಟರೆ ಅದಕ್ಕೆ ರುಚಿಯೇ ಇರಲಿಲ್ಲ, ಮತ್ತು ರುಚಿಯಿಲ್ಲದ್ದು ನಾಣ್ಯದ ರುಚಿಗಿಂತ ಎಷ್ಟೋ ವಾಸಿ. ಮೂರು ವಾರ ಹೀಗೆ ಕದ್ದು ತಿಂದೆ. ಒಂದು ದಿನ ಇವರು ಬೇಗ ಬಂದುಬಿಟ್ಟರು. ನನ್ನ ಕೈಯಲ್ಲಿ ಅರ್ಧ ಬಿಳಿ, ಹಣೆಯಲ್ಲಿ ಬೆಳಗಿನ ವಿಭೂತಿ. ಗಂಗಣ್ಣ ಕಣ್ಣು ಮುಚ್ಚಿ ನಿದ್ದೆ ನಟಿಸಿದರು. ಪುಟ್ಟಮ್ಮ ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡರು.

ಇವರು ನನ್ನ ಕೈ ನೋಡಿದರು. ಬಾಗಿಲ ಕಡೆ ನೋಡಿದರು. ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದರು: "ಒಂದು ಬಿಳೀದು ಎಷ್ಟು ಗ್ರಾಂ ಬರ್ತದ?"

ಗಂಗಣ್ಣನ ನಿದ್ದೆ ಅಲ್ಲಿಗೆ ಮುರಿಯಿತು. ಅವರ ನಗುವಿಗೆ ಯಂತ್ರ ಕೂಗಿಕೊಂಡಿತು, ಸಿಸ್ಟರ್ ಓಡಿ ಬಂದಳು.

ಆ ಮಧ್ಯಾಹ್ನ ನಾನು ಕೈಚೀಲದ ಚೀಟಿಯನ್ನು ತೆಗೆದು ಅವರ ಮುಂದಿಟ್ಟೆ. "ಇದು ನನ್ನ ಹತ್ರಾನೇ ಇತ್ತು. ತಪ್ಪು ನಿಮ್ಮದಲ್ಲ."

ಅವರು ಮಡಿಕೆಗಳನ್ನು ಅಂಗೈಯಿಂದ ಒತ್ತಿ ಸಪಾಟು ಮಾಡಿದರು. "ನಾನ ಕೊಟ್ಟಿದ್ದು ನಿನಗ. ಫೈಲಿನಾಗ ಜಾಗ ಇದ್ದಿಲ್ಲ, ನಿನ್ನ ಚೀಲದಾಗ ಇಡು ಅಂತ ಕೊಟ್ಟಿದ್ದೆ. ಮರ್ತಿದ್ದೆ."

"ನಿಜವಾಗ್ಲೂ ನೆನಪಿದೆಯೇನ್ರೀ?"

"ನೆನಪೈತಿ."

ಅವರ ಫೈಲಿನಲ್ಲಿ ಜಾಗ ಇಲ್ಲದ ದಿನವನ್ನು ನಾನು ನೋಡಿಲ್ಲ. ಮೂವತ್ತೈದು ವರ್ಷ ಒಂದು ಗ್ರಾಂ ಸುಳ್ಳನ್ನೂ ಸಹಿಸದ ಮನುಷ್ಯ ಅಂದು ನನಗಾಗಿ ಒಂದು ಸುಳ್ಳು ಹೇಳಿದರೋ, ಅಥವಾ ನಡೆದದ್ದೇ ಹಾಗೋ, ಗೊತ್ತಿಲ್ಲ. ಮತ್ತೆ ಕೇಳಿಲ್ಲ. ಹೊಸ ಚೀಟಿಯನ್ನು ಅವರು ಲ್ಯಾಮಿನೇಟ್ ಮಾಡಿಸಲಿಲ್ಲ. ಮಡಿಕೆಗಳ ಸಮೇತ ಫ್ರಿಜ್ಜಿಗೆ ಅಂಟಿಸಿದರು.

ಮೂರು ತಿಂಗಳಿಗೆ ಸರಿಯಾಗಿ ಕಾರಿಡಾರಿನ ಕೊನೆಯ ಕೋಣೆಗೆ ಹೋದೆವು. ಈ ಸಲ ಇವರೇ ಟೋಕನ್ ತಂದರು. ಡಾಕ್ಟರು ಮಾತಿಗೆ ತಪ್ಪಲಿಲ್ಲ. "ನಿಲ್ಲಿಸೋದಾ, ಮುಂದುವರಿಸೋದಾ, ಮೇಡಂ?"

ಇವರು ಗೋಡೆಯ ಕಡೆ ತಿರುಗಿಕೊಂಡರು, ನನ್ನ ಮೇಲೆ ಅವರ ಕಣ್ಣಿನ ಭಾರ ಬೀಳಬಾರದೆಂದು. ದೊಡ್ಡ ಉತ್ತರವೊಂದು ನನ್ನಲ್ಲಿರಬೇಕಿತ್ತು. ಇರಲಿಲ್ಲ. ಬದುಕಿನ ಮೇಲೆ ಆಸೆ ಉಕ್ಕಿ ಬಂದಿರಲಿಲ್ಲ. ಕಾಲು ಸುಮ್ಮನಿತ್ತು, ಹಿಂದಿನ ದಿನ ಹೆಸರುಕಾಳಿನ ಉಸಲಿಯಲ್ಲಿ ಇಂಗು ಇಂಗಿನ ಹಾಗೆ ಇತ್ತು, ಅಷ್ಟೇ.

"ಸದ್ಯಕ್ಕೆ ನಡೀಲಿ. ಇನ್ನು ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಕೇಳಿ," ಎಂದೆ.

ಅವಳು ಬರೆದುಕೊಂಡಳು. ಅಂದಿನಿಂದ ಪ್ರತಿ ಮೂರು ತಿಂಗಳಿಗೆ ಕೇಳುತ್ತಾಳೆ. ಕೇಳುವವರೊಬ್ಬರು ಇದ್ದಾರೆ ಎಂಬುದರಿಂದಲೇ ಎಷ್ಟೋ ದಿನ ಆ ಕುರ್ಚಿಯಲ್ಲಿ ಕೂರಲು ಆಗಿದೆ.

ಹಸಿರು ರವಿಕೆಯ ಮಾತು ಬಾಕಿ ಇದೆ. ಅವತ್ತು ಭಾಗ್ಯ ಅದನ್ನು ಹಿಡಿದುಕೊಟ್ಟಾಗ ಹೆಚ್ಚಾದ ಬಟ್ಟೆಯನ್ನು ಕತ್ತರಿಸಿರಲಿಲ್ಲ. ಒಳಗೇ ಮಡಚಿ, ಒಂದರ ಪಕ್ಕ ಒಂದು ಮೂರು ಹೊಲಿಗೆ ಹಾಕಿದ್ದಳು. ನಿಶ್ಚಿತಾರ್ಥದಲ್ಲಿ ಅದು ಕಂಕುಳಲ್ಲಿ ಒತ್ತುತ್ತಿತ್ತು. ಮೊದಲೇ ತುರಿಕೆಯ ಮೈ. ಮುಂದಿನ ವರ್ಷ ಅದೇ ಹುಡುಗಿಯ ಸೀಮಂತಕ್ಕೆ ಮತ್ತೆ ಹಾಕಿಕೊಂಡಾಗ ತೋಳು ಬಿಗಿಯೆನಿಸಿತು. ಬಿಗಿ ಎಂಬ ಪದವನ್ನು ಎರಡು ಸಲ ಬಾಯಿಬಿಟ್ಟು ಹೇಳಿಕೊಂಡೆ. ಮಾರೇನಹಳ್ಳಿಗೆ ಹೋದೆವು. ಇವರು ಬಾಗಿಲಲ್ಲಿ ನಿಲ್ಲದೆ ಪರದೆಯ ತನಕ ಬಂದರು.

ಭಾಗ್ಯ ಟೇಪು ಸುತ್ತಿದಳು.

"ಹತ್ತು ಮುಕ್ಕಾಲು."

"ಎಳೀಬ್ಯಾಡವಾ, ಸಡಿಲ ಹಿಡಿ," ಎಂದರು ಇವರು.

"ಸಾರ್, ಸಡಿಲ ಹಿಡಿದ್ರೆ ಹನ್ನೊಂದಾಗುತ್ತೆ. ಹನ್ನೊಂದು ಬರ್ಕೊಳ್ಳಲಾ?"

ಇವರು ಬಗ್ಗಿ ಟೇಪಿನ ಗೆರೆ ನೋಡಿದರು. "ಬ್ಯಾಡ. ಹತ್ತು ಮುಕ್ಕಾಲು."

ಹನ್ನೆರಡೂವರೆ ಇನ್ನು ಬರುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು. ಭಾಗ್ಯ ಬ್ಲೇಡಿನ ತುದಿಯಿಂದ ಮೂರರಲ್ಲಿ ಒಂದು ಹೊಲಿಗೆಯನ್ನು ಬಿಚ್ಚಿದಳು. ಹಸಿರು ದಾರ ಸುರುಳಿ ಸುರುಳಿಯಾಗಿ ನನ್ನ ಮಡಿಲಿಗೆ ಬಿತ್ತು. ರವಿಕೆಯನ್ನು ಒಳಮುಖ ಮಾಡಿ ಉಳಿದ ಮಡಿಕೆಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದಳು.

"ಇನ್ನೂ ಎರಡು ಹೊಲಿಗೆ ಬಟ್ಟೆ ಇದೆ ಮೇಡಂ ಒಳಗೆ. ದಪ್ಪ ಆಗಿದೆ, ಚುಚ್ಚಲ್ವಾ? ಕತ್ತರಿಸಿಬಿಡಲಾ?"

"ಚುಚ್ಚುತ್ತೆ," ಎಂದೆ. "ಇರ್ಲಿ ಬಿಡು."